ಗಾಳಿ ಹದಿನಾಲ್ಕು

ಆವತ್ತು ಬೆಳಗಿನಿಂದಲೇ ಗಾಳಿಗೆ ಒಂದು ನೆಲೆ ಇರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮೋಡದ ಒಂದು ಚೂರಿಲ್ಲ, ಬಿಸಿಲು ಇನ್ನೂ ಎಳೆಯದು. ಕಿಟಕಿಯ ಒಳಗಿನಿಂದ ನೋಡಿದವರು ಎಂಥ ಒಳ್ಳೆಯ ದಿನ ಅನ್ನಬೇಕು. ಹೊರಗೆ ಕಾಲಿಟ್ಟವರಿಗೆ ಮಾತ್ರ ಗೊತ್ತಾಗುತ್ತಿತ್ತು. ಒಂದೇ ಸಮನೆ ಬೀಸುವ ಗಾಳಿಯಾದರೆ ಅದರ ಜೊತೆ ಹೇಗೋ ಬಾಳಬಹುದು. ಇದು ಸ್ವಲ್ಪ ಹೊತ್ತು ಕೂಸಿನಂತೆ ಮಲಗಿದ್ದು, ಏನೋ ನೆನಪಾದ ಹಾಗೆ ದಡಕ್ಕನೆ ಎದ್ದು ಬಂದು, ತಂತಿಯ ಮೇಲಿನ ಬಟ್ಟೆಗಳನ್ನು ಒಂದಕ್ಕೊಂದು ಸುತ್ತಿ, ಖಾಲಿ ಬಕೆಟ್ಟನ್ನು ಅಂಗಳದುದ್ದಕ್ಕೂ ಉರುಳಿಸಿ, ಮತ್ತೆ ತಾನಲ್ಲವೆಂಬಂತೆ ಸುಮ್ಮನಾಗುತ್ತಿತ್ತು. ಗಾಳಿ ಮೇಷ್ಟ್ರ ಹೆಂಡತಿ ಬಕೆಟ್ಟನ್ನು ಮೂರನೆಯ ಸಲ ಎತ್ತಿಟ್ಟು, ಇವತ್ತು ಇದಕ್ಕೆ ಯಾರ ಮೇಲೆ ಸಿಟ್ಟೋ ಅಂದಳು. ಮೇಷ್ಟ್ರು ನಕ್ಕು, ದೇವರಿಗೊಂದು ಕೈಮುಗಿದು ಸೈಕಲ್ ಹತ್ತಿದರು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಊರಾಚೆಯ ಪುಟ್ಟ ವಿಮಾನ ಮೈದಾನದಲ್ಲಿ ರೇಡಿಯೋ ಮುಂದೆ ಕೂತು, ಇಳಿಯಲು ಬರುವವರಿಗೆ ಗಾಳಿ ಎಷ್ಟಿದೆ, ಯಾವ ಕಡೆಯಿಂದಿದೆ ಎಂದು ಹೇಳುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಹೇಳಿದ್ದರಿಂದ ಆ ಹೆಸರು ಬಂದಿತ್ತು. ಮೈದಾನವೆಂದರೆ ಒಂದೇ ಒಂದು ಓಡುಹಾದಿ, ಅದರ ಬದಿಗೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ನಾಲ್ಕು ಸಣ್ಣ ವಿಮಾನ. ಎತ್ತರದ ಕಂಬಗಳ ಮೇಲೆ ಮೂರು ಕಡೆ ಗಾಜಿನ ಒಂದು ಕೋಣೆ. ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ರೇಡಿಯೋ, ಗಾಳಿಯ ವೇಗ ತೋರಿಸುವ ಮುಳ್ಳು, ಒಂದು ಉದ್ದನೆಯ ಪುಸ್ತಕ. ಗಾಜಿನಾಚೆ ಕಂಬದ ತುದಿಯಲ್ಲಿ ಗಾಳಿಯ ದಿಕ್ಕು, ಬಿರುಸು ತೋರಿಸುವ ಕಿತ್ತಳೆ ಬಣ್ಣದ ಬಟ್ಟೆಯ ಗಾಳಿಚೀಲ. ಮೊದಲು ಬರೆಯಬೇಕು, ಆಮೇಲೆ ಬರೆದದ್ದನ್ನು ಓದಿ ಹೇಳಬೇಕು. ಇದು ಅಲ್ಲಿಯ ಕಟ್ಟಳೆ.

ಆ ಮೈದಾನಕ್ಕೆ ತನ್ನದೇ ಒಂದು ಮಾತಿತ್ತು. ಸಮನಾಗಿ ಬೀಸುವುದು ‘ಗಾಳಿ’. ನಡುವೆ ತಟ್ಟನೆ ಬಂದು ಹೊಡೆಯುವುದು ‘ಒದೆ’. ಯಾರು ಯಾವ ಕಾಲದಲ್ಲಿ ಇಟ್ಟ ಹೆಸರೋ, ಕಲಿಯಲು ಬಂದ ಹುಡುಗಿಯರೂ ಎರಡೇ ದಿನದಲ್ಲಿ ನಾಚಿಕೆ ಬಿಟ್ಟು ಒದೆ ಎಷ್ಟು ಸಾರ್ ಎಂದು ಕೇಳುತ್ತಿದ್ದರು. ಗಾಳಿ ಹತ್ತು, ಒದೆ ಹದಿನೈದು. ಹೀಗೆ ಎರಡೂ ಅಂಕೆ ಹೇಳಬೇಕು. ಗಾಳಿಯನ್ನು ನಂಬಿ ಇಳಿಯುವವನಿಗೆ ಒದೆ ಗೊತ್ತಿರಬೇಕು.

ಕ್ಯಾಪ್ಟನ್ನರಿಗೆ ಮಾತ್ರ ಮೇಷ್ಟ್ರು ಒದೆ ಹೇಳುತ್ತಿರಲಿಲ್ಲ.

ಅದು ಒಂದು ತಮಾಷೆಯಿಂದ ಶುರುವಾದದ್ದು. ದೂರದ ಆಸ್ಪತ್ರೆಗಳಿಗೆ ರಕ್ತದ ಚೀಲ, ಔಷಧಿಯ ಡಬ್ಬ ಒಯ್ಯುವ ಸಣ್ಣ ವಿಮಾನ ಕ್ಯಾಪ್ಟನ್ನರದು. ಒಳ್ಳೆ ಕೈ, ಅವರು ಇಳಿಸಿದರೆ ಹಾಲಿನ ಲೋಟ ತುಳುಕುವುದಿಲ್ಲ ಅನ್ನುತ್ತಿದ್ದರು ಜನ. ಆರು ವರ್ಷದ ಹಿಂದೆ ಒಂದು ಸಂಜೆ ಮೇಷ್ಟ್ರು ಗಾಳಿ ಹನ್ನೊಂದು, ಒದೆ ಹದಿನೈದು ಅಂದಾಗ ಅವರು ಮೇಲಿನಿಂದ ಹೇಳಿದ್ದರು: “ಒದೆ ಮನೇಲಿ ಧಾರಾಳವಾಗಿ ಸಿಗುತ್ತೆ ಮೇಷ್ಟ್ರೇ. ನೀವು ಗಾಳಿ ಒಂದು ಹೇಳಿ ಸಾಕು.” ಶೆಡ್ಡಿನಲ್ಲಿ ಕೇಳಿಸಿಕೊಂಡ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ನಕ್ಕಿದ್ದ. ಮರುದಿನವೂ ಅದೇ ತಮಾಷೆ, ಅದರ ಮರುದಿನವೂ. ಆಮೇಲೆ ತಮಾಷೆ ಉದುರಿಹೋಯಿತು, ರೂಢಿ ಉಳಿಯಿತು. ಊರಿಗೆ ಹತ್ತಿರವಾದ ಕೂಡಲೇ ಕ್ಯಾಪ್ಟನ್ ಕೇಳುವುದು ಒಂದೇ ಮಾತು: “ಎಷ್ಟು, ಮೇಷ್ಟ್ರೇ?” ಇವರು ಹೇಳುವುದು ಒಂದೇ ಅಂಕೆ. ಪುಸ್ತಕದಲ್ಲಿ ಮಾತ್ರ ಎರಡನ್ನೂ ಬರೆಯುತ್ತಿದ್ದರು, ಕಟ್ಟಳೆ ಕಟ್ಟಳೆಯೇ. ಒದೆ ಅನ್ನುವುದು ಅಲ್ಲಿ ಗಾಳಿಗಿಂತ ನಾಲ್ಕೈದು ಹೆಚ್ಚಿರುತ್ತಿತ್ತು, ಅಷ್ಟೆ. ಕ್ಯಾಪ್ಟನ್ನರ ಕೈಗೆ ಅದೊಂದು ಲೆಕ್ಕವಲ್ಲ.

ಆವತ್ತು ಹನ್ನೊಂದು ಗಂಟೆಯ ಹೊತ್ತಿಗೆ ಡಬ್ಬಗಳನ್ನು ಇಳಿಸಿ ಖಾಲಿ ವಿಮಾನದಲ್ಲಿ ಕ್ಯಾಪ್ಟನ್ ಹಿಂದಿರುಗುತ್ತಿದ್ದರು. ಗಾಳಿ ಓಡುಹಾದಿಗೆ ಅಡ್ಡಲಾಗಿತ್ತು, ಎಡಗಡೆಯಿಂದ. ಗಾಳಿಚೀಲ ಒಮ್ಮೆ ಸೋತು ಕಂಬಕ್ಕೆ ಒರಗುತ್ತಿತ್ತು, ಒಮ್ಮೆ ಬಾಣದ ಹಾಗೆ ಸೆಟೆದು ನಿಲ್ಲುತ್ತಿತ್ತು. ಮುಳ್ಳು ಹದಿನಾಲ್ಕರ ಸುತ್ತ ಅಲೆದಾಡುತ್ತ, ಒಂದು ಸಲ ಹಾರಿ ಇಪ್ಪತ್ತೆಂಟನ್ನು ಮುಟ್ಟಿ ಬಂತು. ಮೇಷ್ಟ್ರು ಎರಡನ್ನೂ ಬರೆದರು. ಗಾಳಿ ೧೪. ಒ ೨೮.

“ಎಷ್ಟು, ಮೇಷ್ಟ್ರೇ?”

“ಗಾಳಿ ಹದಿನಾಲ್ಕು. ಎಡಗಡೆಯಿಂದ.”

ಹೇಳಿದ ಮೇಲೂ ಅವರ ಹೆಬ್ಬೆರಳು ರೇಡಿಯೋದ ಗುಂಡಿಯ ಮೇಲೇ ಇತ್ತು. ಒದೆಯನ್ನೂ ಹೇಳಲೇ ಅನ್ನಿಸಿತು. ಇದು ನಾಲ್ಕೈದರ ಲೆಕ್ಕವಲ್ಲ, ಎರಡರಷ್ಟು. ಆದರೆ ಬಂಡಿಯ ಗಾಲಿ ಜಾಡು ಬಿಡುವುದು ಸುಲಭವಲ್ಲ. ಹೇಳಿದರೆ ಕ್ಯಾಪ್ಟನ್ ನಗುತ್ತಾರೆ, ಏನು ಮೇಷ್ಟ್ರೇ ವಯಸ್ಸಾಯ್ತಾ ಅನ್ನುತ್ತಾರೆ ಅನ್ನಿಸಿತು. ಒಂದು ಉಸಿರಿನಷ್ಟು ಹೊತ್ತು. ಹೆಬ್ಬೆರಳು ಮೇಲಕ್ಕೆದ್ದಿತು.

ವಿಮಾನ ಮೂಗನ್ನು ಗಾಳಿಯ ಕಡೆ ತಿರುಗಿಸಿಕೊಂಡು, ಏಡಿಯ ಹಾಗೆ ಓರೆಯಾಗಿ, ಚೆನ್ನಾಗಿಯೇ ಬಂತು. ನೆಲ ಇನ್ನು ಆಳುದ್ದವಿದೆ ಅನ್ನುವಾಗ ಮೂಗು ನೇರವಾಯಿತು, ಎಡರೆಕ್ಕೆ ಸ್ವಲ್ಪ ತಗ್ಗಿತು, ಒಂದು ಗಾಲಿ ನೆಲ ಮುಟ್ಟಿತು. ಆಗ ಅದು ಬಂತು. ಹುಲ್ಲು ಅಡ್ಡಬಿದ್ದದ್ದನ್ನು ಮೇಷ್ಟ್ರು ಮೊದಲು ಕಂಡರು. ಯಾರೋ ಅಡಿಯಿಂದ ಕೈಹಾಕಿ ಎತ್ತಿದಂತೆ ಎಡರೆಕ್ಕೆ ಎದ್ದಿತು, ಬಲರೆಕ್ಕೆಯ ತುದಿ ನೆಲ ಕಚ್ಚಿತು, ವಿಮಾನ ಅದೇ ತುದಿಯ ಮೇಲೆ ಸುತ್ತಿ, ಮೂಗು ಊರಿ, ಬೆನ್ನಡಿಯಾಗಿ ಬಿತ್ತು. ಬೆಂಕಿ ಹೊತ್ತಲಿಲ್ಲ. ಕೋಣೆಯ ಗಾಜಿನೊಳಕ್ಕೆ ಸದ್ದೂ ಹೆಚ್ಚು ಬರಲಿಲ್ಲ.

ಮೆಟ್ಟಿಲು ಹೇಗೆ ಇಳಿದರೋ ಅವರಿಗೆ ನೆನಪಿಲ್ಲ. ಕ್ಯಾಪ್ಟನ್ ಸೀಟಿನ ಪಟ್ಟಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದರು. ಹಣೆಯಿಂದ ರಕ್ತ ಕೂದಲಿಗೆ ಇಳಿಯುತ್ತಿತ್ತು. ಕಣ್ಣು ತೆರೆದೇ ಇತ್ತು, ಮೇಷ್ಟ್ರ ಗುರುತೂ ಸಿಕ್ಕಿತು.

“ಎಷ್ಟಿತ್ತು, ಮೇಷ್ಟ್ರೇ?” ಅಂದರು.

ಕೇಳಿದ್ದರಲ್ಲಿ ದೂರು ಇರಲಿಲ್ಲ, ತಿಳಿಯುವ ಆಸೆ ಮಾತ್ರ ಇತ್ತು. ಮೇಷ್ಟ್ರು, ಮಾತಾಡ್ಬೇಡಿ ಸುಮ್ಮನಿರಿ ಎಂದು ಅವರ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ಮೆಕ್ಯಾನಿಕ್ ಬಂದು ಪಟ್ಟಿ ಕತ್ತರಿಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

*

ಹದಿನೈದು ದಿನದ ಮೇಲೆ ತನಿಖೆಯ ಅಧಿಕಾರಿ ಬಂದ. ಸಭ್ಯ ಮನುಷ್ಯ; ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದ. ಪುಸ್ತಕ ತೆರೆದು, ಈ ‘ಒ’ ಅಂದರೇನು ಎಂದು ಕೇಳಿದ. ಒದೆ ಎಂದು ಗೊತ್ತಾದಾಗ ಮೀಸೆಯಲ್ಲೇ ನಕ್ಕು, ಬರೆದುಕೊಂಡ. ಆವತ್ತು ಮೆಕ್ಯಾನಿಕ್ ಶೆಡ್ಡಿನಲ್ಲಿ ಯಂತ್ರ ಓಡಿಸುತ್ತಿದ್ದ, ಏನೂ ಕೇಳಿಸಿಕೊಂಡಿರಲಿಲ್ಲ. ಅಂಥ ದಿನ ಮೇಷ್ಟ್ರು ಒದೆ ಹೇಳದೆ ಇರಲಾರರು ಎಂದೇ ಅವನು ನಂಬಿದ್ದ. ಆ ಸಣ್ಣ ಮೈದಾನದಲ್ಲಿ ರೇಡಿಯೋ ಮಾತು ಎಲ್ಲೂ ದಾಖಲಾಗುತ್ತಿರಲಿಲ್ಲ. ಹೇಳಿದವರು, ಕೇಳಿದವರು, ಇಬ್ಬರೇ. ಅದರಲ್ಲಿ ಒಬ್ಬರು ಇರಲಿಲ್ಲ.

“ಇಪ್ಪತ್ತೆಂಟು ಅಂತ ನೀವು ಹೇಳಿದ್ದೀರಿ. ಆದ್ರೂ ಇಳಿದಿದ್ದಾರೆ,” ಅಂದ ಅಧಿಕಾರಿ. ಅದು ಪ್ರಶ್ನೆಯಾಗಿರಲಿಲ್ಲ. ಬರೆದುಕೊಳ್ಳುತ್ತಲೇ ಅಂದದ್ದು.

ಮೇಷ್ಟ್ರು ಪುಸ್ತಕದ ಕಡೆ ನೋಡಿದರು. ಅವರದೇ ಅಕ್ಷರ, ದುಂಡಗೆ ಕೂತಿತ್ತು.

“ಬರೆದಿದೆ ಸಾರ್,” ಅಂದರು.

ಅಷ್ಟೇ ಅಂದದ್ದು. ಸುಳ್ಳಿಗೆ ಕಾಲಿಲ್ಲ ಅಂತಾರೆ. ಅರ್ಧ ನಿಜಕ್ಕೆ ಮಾತ್ರ ನಾಲ್ಕು ಕಾಲು, ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅದು ಅಧಿಕಾರಿಯ ಚೀಲದಲ್ಲಿ ದೊಡ್ಡ ಕಚೇರಿಗೆ ಹೋಯಿತು, ಅಚ್ಚಾಗಿ ಬಂತು: ಒದೆಯ ಅಂಕೆ ತಿಳಿಸಲಾಗಿತ್ತು, ವಿಮಾನದ ಮಿತಿಗೆ ಅದು ಮೀರಿದ್ದೆಂದು ಚಾಲಕನಿಗೆ ಗೊತ್ತಿತ್ತು, ಇಪ್ಪತ್ತು ನಿಮಿಷದ ದೂರದಲ್ಲಿ ಇನ್ನೊಂದು ಮೈದಾನವಿತ್ತು, ಇಂಧನವೂ ಇತ್ತು, ಆದರೂ ಇಳಿಯಲು ಹೊರಟದ್ದು ಚಾಲಕನ ದುಡುಕು. ಚಹಾ ಕುಡಿಯುವಾಗ ಮೆಕ್ಯಾನಿಕ್ಕನೇ ಅಂದ, ಮನುಷ್ಯ ಬಂಗಾರ, ಹಟ ಮಾತ್ರ ಹೆಚ್ಚು ನೋಡಿ ಅಂತ. ಮೇಷ್ಟ್ರು ಲೋಟದೊಳಗೆ ನೋಡುತ್ತ ಕೂತಿದ್ದರು. ಹಟ ಅನ್ನುವ ಮಾತು ಅಲ್ಲಿಂದ ಎದ್ದು ಅಂಗಡಿ ಅಂಗಡಿ ತಿರುಗಿತು.

ಅಂದಿನಿಂದ ಒಂದು ಶುರುವಾಯಿತು. ಯಾರಿಗಾದರೂ ಹೇಳಿದರೆ ನಗಬೇಕು, ಅಂಥದ್ದು. ಲೋಕವೆಲ್ಲ ಮೇಷ್ಟ್ರನ್ನು ಎಷ್ಟು ಎಷ್ಟು ಎಂದು ಕೇಳತೊಡಗಿತು. ತರಕಾರಿಯವಳು ತಕ್ಕಡಿ ಹಿಡಿದು ಎಷ್ಟು ಅನ್ನುತ್ತಾಳೆ. ಬಸ್ಸಿನ ಕಂಡಕ್ಟರ್ ಟಿಕೇಟು ಎಷ್ಟು ಅನ್ನುತ್ತಾನೆ. ಹೆಂಡತಿ ಸೌಟು ಹಿಡಿದು ಇನ್ನೆಷ್ಟು ಹಾಕಲಿ ಅನ್ನುತ್ತಾಳೆ. ಒಂದು ಮಾತನ್ನು ಜನ ದಿನಕ್ಕೆ ಇಷ್ಟು ಸಲ ಆಡುತ್ತಾರೆಂದು ಅಷ್ಟು ವರ್ಷ ಅವರಿಗೆ ಗೊತ್ತೇ ಇರಲಿಲ್ಲ. ಒಂದು ದಿನ ಮೊಳೆಯಂಗಡಿಯವನು, ಎಷ್ಟು ಕೊಡ್ಲಿ ಯಜಮಾನ್ರೇ ಅಂದ. ಮೇಷ್ಟ್ರ ಬಾಯಿ ತಾನಾಗಿ, ಇಪ್ಪತ್ತೆಂಟು ಅಂದಿತು. ಅವನು ಎಣಿಸಿ ಪೊಟ್ಟಣ ಕಟ್ಟಿದ. ಬೇಕಾಗಿದ್ದದ್ದು ನಾಲ್ಕು ಮೊಳೆ. ಏನ್ರೀ ಇದು, ಮನೆಗೆಲ್ಲ ಮೊಳೆ ಹೊಡೆಸ್ತೀರಾ ಎಂದು ಹೆಂಡತಿ ನಗಲು ಹೋಗಿ, ಗಂಡನ ಮುಖ ನೋಡಿ ನಿಲ್ಲಿಸಿದಳು.

ಬೆಳಿಗ್ಗೆ ಕೈಮುಗಿದು ನಿಂತರೆ ಮೊದಲಿನಂತೆ ಪ್ರಾರ್ಥನೆ ಮುಂದೆ ಹೋಗುತ್ತಿರಲಿಲ್ಲ. ಕ್ಷಮಿಸು ಅನ್ನುವಷ್ಟರಲ್ಲಿ ಎದುರುಗಡೆಯಿಂದಲೂ ಅದೇ ಮಾತು ಬಂದಂತಾಗುತ್ತಿತ್ತು: ಎಷ್ಟಿತ್ತು? ಸಿಟ್ಟಿಲ್ಲದೆ, ತಿಳಿಯುವ ಆಸೆಯಿಂದ.

ಕೋಣೆಯಲ್ಲಿ ರೇಡಿಯೋ ಆಗಾಗ ಸುಮ್ಮನೆ ಕರಕರ ಅನ್ನುವುದುಂಟು, ದೂರದ ಮಿಂಚಿಗೋ ತಂತಿಯ ಸಡಿಲಕ್ಕೋ. ಹಗಲು ಹನ್ನೊಂದರ ಆಸುಪಾಸಿಗೆ ಹಾಗೆ ಆದರೆ ಮೇಷ್ಟ್ರು ಎದ್ದು ನಿಲ್ಲುತ್ತಿದ್ದರು. ಬಾನು ಖಾಲಿ ಇರುತ್ತಿತ್ತು. ಗುಂಡಿ ಒತ್ತಿ, ಮೆಲ್ಲಗೆ, ಗಾಳಿ ಇಷ್ಟು, ಒದೆ ಇಷ್ಟು ಎಂದು ಹೇಳಿ ಕೂರುತ್ತಿದ್ದರು. ಕಲಿಯುವ ಹುಡುಗಿಯೊಬ್ಬಳು ನೆಲದ ಮೇಲೆ ನಿಂತ ವಿಮಾನದಲ್ಲಿ ಅದನ್ನು ಕೇಳಿ, ಯಾರು ಬರ್ತಿದ್ದಾರೆ ಸಾರ್ ಎಂದು ರೇಡಿಯೋದಲ್ಲೇ ವಿಚಾರಿಸಿದಳು. ಮೇಷ್ಟ್ರು, ಯಾರೂ ಇಲ್ಲಮ್ಮ, ಪರೀಕ್ಷೆ ಮಾಡ್ತಿದ್ದೆ ಅಂದರು.

ಐದನೆಯ ತಿಂಗಳಲ್ಲಿ ಗಾಳಿಚೀಲ ಹರಿಯಿತು. ಆ ಚೀಲವನ್ನು ಹೊಲಿದುಕೊಡುತ್ತಿದ್ದವಳು ಕ್ಯಾಪ್ಟನ್ನರ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಹೊಸ ಬಟ್ಟೆ ಬಂದು ಎರಡು ವಾರ ಮೇಷ್ಟ್ರ ಮೇಜಿನ ಕೆಳಗೇ ಬಿದ್ದಿತ್ತು. ಬೇರೆ ದರ್ಜಿಗೆ ಕೊಡಲು ಹೋದರೆ ಅವನು ನಕ್ಕು, ಆನೆಗೆ ಲಂಗವೇ ಇದು ಅಂದ, ಅಳತೆ ಗೊತ್ತಿಲ್ಲ ಅಂದ. ಇನ್ನು ದಾರಿ ಇರಲಿಲ್ಲ. ಆ ಎರಡು ವಾರ ಮೇಷ್ಟ್ರು ಒಂದು ಕಾಗದವನ್ನೂ ಬರೆಯುತ್ತಿದ್ದರು. ಬರೆದು ಹರಿದು, ಬರೆದು ಹರಿದು, ಕೊನೆಗೆ ಒಂದು ಉಳಿಯಿತು. ಅದನ್ನು ಜೇಬಿನಲ್ಲಿಟ್ಟುಕೊಂಡು, ಬಟ್ಟೆಯ ಗಂಟನ್ನು ಸೈಕಲ್ಲಿಗೆ ಕಟ್ಟಿ, ಒಂದು ಮಧ್ಯಾಹ್ನ ಹೋದರು.

*

“ಬನ್ನಿ ಅಣ್ಣ,” ಅಂದಳು ಆಕೆ. ಇಷ್ಟು ದಿನ ಯಾಕೆ ಬರಲಿಲ್ಲ ಅನ್ನಲಿಲ್ಲ. ಕುರ್ಚಿಯ ಮೇಲಿದ್ದ ಅರೆಹೊಲಿದ ಅಂಗಿಗಳನ್ನು ತೆಗೆದು ಜಾಗ ಮಾಡಿದಳು. ನೀರು ಕೊಟ್ಟಳು. ತೆಳ್ಳಗಾಗಿದ್ದಳು, ಅಳತೆ ಪಟ್ಟಿ ಕೊರಳಲ್ಲಿ ಸಡಿಲವಾಗಿ ತೂಗುತ್ತಿತ್ತು.

ಬಟ್ಟೆಯನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ ಅಳೆಯತೊಡಗಿದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದಳು. ಈ ಸಲದ ಬಟ್ಟೆ ದಪ್ಪ, ಬಾಳಿಕೆ ಬರುತ್ತೆ ಅಂದಳು. ಅತ್ತಿಗೆ ಹೇಗಿದ್ದಾರೆ ಎಂದು ಕೇಳಿದಳು. ಆಮೇಲೆ, ಸೂಜಿಗಳನ್ನೆಲ್ಲ ಚುಚ್ಚಿ ಬಾಯಿ ಖಾಲಿಯಾದ ಮೇಲೆ, ತಲೆ ಎತ್ತದೆ ಹೇಳಿದಳು:

“ಆವತ್ತು ಬೆಳಿಗ್ಗೆ ನಾವು ಜಗಳ ಆಡಿದ್ವಿ ಅಣ್ಣ. ಏನೂ ಇಲ್ಲ, ನಲ್ಲಿ ಸೋರ್ತಿತ್ತು, ಅದಕ್ಕೆ. ಹೋಗಿ, ಅಲ್ಲೇ ಆಕಾಶದಲ್ಲೇ ಸಂಸಾರ ಮಾಡಿ, ಕೆಳಗೆ ಇಳೀಲೇಬೇಡಿ ಅಂದೆ. ತಿಂಡಿ ತಿನ್ನದೇ ಹೋದ್ರು.”

ಒಂದು ಸೂಜಿಯನ್ನು ಕಿತ್ತು, ಅದೇ ಜಾಗದಲ್ಲಿ ಮತ್ತೆ ಚುಚ್ಚಿದಳು.

“ಇಪ್ಪತ್ತೆಂಟು ಅಂತ ಗೊತ್ತಿದ್ದೂ ಇಳಿದ್ರಂತಲ್ಲ. ವರದೀಲಿ ಹಾಗೇ ಇದೆ. ಮೂವತ್ತು ವರ್ಷ ಹಾರಿಸಿದೋರು, ಅವರಿಗೆ ಗೊತ್ತಾಗಲ್ವಾ? ಹಟ ಅಂತಾರೆ ಜನ. ಹಟ ಅಲ್ಲ ಅಣ್ಣ. ನನ್ನ ಮಾತು ಮನಸ್ಸಲ್ಲಿ ಕೊರೀತಿತ್ತು. ಬದುಕಿದ್ರೇನು ಹೋದ್ರೇನು ಅನ್ನಿಸಿರಬೇಕು. ಹಾಗೆ ಅನ್ನಿಸೋ ಹಾಗೆ ಮಾಡಿದ್ದು ನಾನು.”

ಕತ್ತರಿ ಎತ್ತಿಕೊಂಡು ಬಟ್ಟೆಯ ಅಂಚಿನಲ್ಲಿ ಇಟ್ಟಳು, ಕತ್ತರಿಸಲಿಲ್ಲ.

ಮೇಷ್ಟ್ರಿಗೆ ಕೋಣೆ ಒಮ್ಮೆ ಓರೆಯಾದಂತಾಯಿತು. ತನ್ನ ಸುಳ್ಳು ಸತ್ತವರ ಮೇಲೆ ಬಿದ್ದಿದೆ, ಸತ್ತವರಿಗೆ ನೋಯುವುದಿಲ್ಲ ಎಂದು ಅವರು ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡಿದ್ದರು. ಅದು ಇಲ್ಲಿ ಬಂದು, ಈ ಕೋಣೆಯಲ್ಲಿ, ದಿನಾ ಇವಳ ಜೊತೆ ಕೂತು ಉಣ್ಣುತ್ತಿತ್ತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

“ಅವರಿಗೆ ಗೊತ್ತಿರಲಿಲ್ಲ ತಂಗಿ,” ಅಂದರು. “ನಾನು ಹೇಳಲಿಲ್ಲ.”

ಆಕೆ ತಲೆ ಎತ್ತಿದಳು.

“ಗಾಳಿ ಹದಿನಾಲ್ಕು ಅಂದೆ. ಒದೆ ಹೇಳಲಿಲ್ಲ. ಪುಸ್ತಕದಲ್ಲಿ ಬರೆದೆ, ಬಾಯಲ್ಲಿ ಆಡಲಿಲ್ಲ. ಗೊತ್ತಿದ್ದಿದ್ರೆ ಅವರು ಇಳೀತಾನೇ ಇರಲಿಲ್ಲ, ಆ ಕಡೆ ಮೈದಾನಕ್ಕೆ ಹೋಗೋರು. ಅಧಿಕಾರಿ ಬಂದಾಗ, ಬರೆದಿದೆ ಅಂದೆ. ಅಷ್ಟೇ ಅಂದೆ.”

ಯಾಕೆ ಹೇಳಲಿಲ್ಲ ಎಂದು ಆಕೆ ಕೇಳಿದಳು. ಕೇಳಿದ್ದು ಪಿಸುಮಾತಿನಲ್ಲಿ. ಮೇಷ್ಟ್ರು ಆ ತಮಾಷೆಯನ್ನು ಹೇಳಬೇಕಾಯಿತು. ಜೀವಮಾನದಲ್ಲಿ ಅವರು ಅಷ್ಟು ಕಷ್ಟಪಟ್ಟು ಹೇಳಿದ ಮಾತು ಇನ್ನೊಂದಿಲ್ಲ. ಒದೆ ಮನೆಯಲ್ಲೇ ಸಿಗುತ್ತೆ ಅಂತಿದ್ರು, ನೀವು ಗಾಳಿ ಒಂದು ಹೇಳಿ ಅಂತಿದ್ರು, ಆರು ವರ್ಷದಿಂದ ಹಾಗೇ ರೂಢಿ ಎಂದು ನೆಲ ನೋಡಿಕೊಂಡು ಹೇಳಿದರು.

ಆಕೆಯ ಮುಖದಲ್ಲಿ ಏನೋ ಒಂದು ಅಲುಗಿತು.

“ನಾನು ಒದೀತಿದ್ನಾ?” ಅಂದಳು. “ಹಾಗಂತಿದ್ರಾ? ಎಲ್ಲರ ಮುಂದೆ?” ಗಂಡ ಎದುರಿಗೇ ಇದ್ದಾನೆಂಬಂತೆ ಸಣ್ಣ ನಗೆಯೊಂದು ತುಟಿಗೆ ಬಂತು. ಬಂದ ನಗೆಗೆ ಎಲ್ಲಿ ಹೋಗಬೇಕೋ ಗೊತ್ತಾಗಲಿಲ್ಲ. ಕಿತ್ತಳೆ ಬಟ್ಟೆಯ ಒಂದು ಅಂಚನ್ನು ಎಳೆದು ಮುಖಕ್ಕೆ ಒತ್ತಿಕೊಂಡಳು. ಮೇಷ್ಟ್ರು ಸಮಾಧಾನದ ಮಾತು ಆಡಲಿಲ್ಲ. ಅದು ತಮ್ಮ ಕೈಲಿಲ್ಲ ಎಂದು ಅವರಿಗೆ ತಿಳಿದಿತ್ತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು.

ಮುಖ ಒರೆಸಿಕೊಂಡು ಆಕೆ ಕೇಳಿದಳು, “ಕೊನೇಲಿ ಏನಾದ್ರೂ ಅಂದ್ರಾ? ಆವತ್ತು ಆಸ್ಪತ್ರೇಲಿ ಕೇಳಿದಾಗ ನೀವು ಏನೂ ಇಲ್ಲ ಅಂದ್ರಿ.”

“ಎಷ್ಟಿತ್ತು ಮೇಷ್ಟ್ರೇ ಅಂದ್ರು.”

“ನೀವೇನು ಹೇಳಿದ್ರಿ?”

“ಹೇಳಲಿಲ್ಲ.”

ಆಕೆ ನಿಧಾನವಾಗಿ ತಲೆ ಆಡಿಸಿದಳು. ಎಷ್ಟಿತ್ತು ಅಂದ್ರಾ, ಎಂದು ತನ್ನಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡಳು. ಸಾಯಬೇಕೆಂದು ಹೊರಟವನು ಕೇಳುವ ಮಾತಲ್ಲ ಅದು. ಅಷ್ಟು ಹೊತ್ತಿನಿಂದ ಬಿಗಿಹಿಡಿದಿದ್ದ ಭುಜ ಒಂದಿಷ್ಟು ಇಳಿದದ್ದನ್ನು ಮೇಷ್ಟ್ರು ನೋಡಿದರು.

ಆಗ ಅವರು ಜೇಬಿನಿಂದ ಕಾಗದ ತೆಗೆದು ಆಕೆಯ ಮುಂದಿಟ್ಟರು. ನಡೆದದ್ದನ್ನೆಲ್ಲ ದೊಡ್ಡ ಕಚೇರಿಗೆ ಬರೆದಿದ್ದೇನೆ, ಕೆಳಗೆ ಸಹಿ ಹಾಕಿದ್ದೇನೆ ಅಂದರು. ಕೊಟ್ಟರೆ ಕೆಲಸ ಹೋಗುತ್ತದೆ, ಅದರಾಚೆ ಇನ್ನೇನಾಗುತ್ತದೋ ದೇವರಿಗೇ ಗೊತ್ತು, ಆಗಲಿ. ಆದರೆ ಕೊಡಬೇಕೋ ಬೇಡವೋ ಅನ್ನುವುದನ್ನು ತಾನು ತೀರ್ಮಾನಿಸುವುದು ಸರಿಯಲ್ಲ. “ಇದು ನಿಮ್ಮ ಹತ್ತಿರ ಇರ್ಲಿ ತಂಗಿ. ನಿಮಗೆ ಕೊಡಬೇಕು ಅನ್ನಿಸಿದ್ರೆ ಕೊಡಿ. ಹರೀಬೇಕು ಅನ್ನಿಸಿದ್ರೆ ಹರೀರಿ.”

ಹೇಳಿ ಮುಗಿಸಿದಾಗ ಅವರಿಗೆ ಹಗುರವೆನಿಸಿತು. ಐದು ತಿಂಗಳಲ್ಲಿ ಮೊದಲ ಸಲ ಉಸಿರು ಹೊಟ್ಟೆಯವರೆಗೆ ಇಳಿಯಿತು.

ಆಕೆ ಕಾಗದ ಬಿಡಿಸಿ ಓದಿದಳು. ಬೆಳಕಿಗೆ ತಿರುಗಿ ಇನ್ನೊಮ್ಮೆ, ಬೆರಳಿಟ್ಟು, ಸಾಲು ಸಾಲಾಗಿ ಓದಿದಳು. ಮೇಷ್ಟ್ರು ಎದ್ದು ನಿಂತು ಚಪ್ಪಲಿ ಹುಡುಕುತ್ತಿದ್ದರು. ಕಾಗದ ಯಾವ ಮಡಿಕೆಯಲ್ಲಿ ಬಂದಿತ್ತೋ ಅದೇ ಮಡಿಕೆಯಲ್ಲಿ ಅದನ್ನು ಮಡಚಿ, ಉಗುರಿನಿಂದ ಅಂಚು ತೀಡಿ, ಆಕೆ ಎದ್ದಳು.

“ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತೆ ಅಣ್ಣ,” ಅಂದಳು. ದನಿಯಲ್ಲಿ ಕೋಪವಿರಲಿಲ್ಲ, ಕ್ಷಮೆಯೂ ಇನ್ನೂ ಇರಲಿಲ್ಲ.

ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದಳು. ಮೇಷ್ಟ್ರು ಒಂದು ಕ್ಷಣ ಆಕೆಯ ಮುಖ ನೋಡಿದರು. ಆಮೇಲೆ ಚಪ್ಪಲಿಯನ್ನು ಬಿಟ್ಟು, ಬರಿಗಾಲಲ್ಲಿ ಎರಡು ಹೆಜ್ಜೆ ಮುಂದೆ ಬಂದು, ಅವರೂ ಎರಡೂ ಕೈಯಲ್ಲಿ ತೆಗೆದುಕೊಂಡರು.